ಮನಸ್ಸಿನ ಶಕ್ತಿ ತೋರಿಸಿದ ಗೋವಾದ ಪಾದ್ರಿ ಅಬ್ಬೆ ಫಾರಿಯಾ

ಪಣಜಿ: ಕಾರವಾರ ಕಡೆಯಿಂದ ಪಣಜಿಗೆ ಹೋದವರು ಹಳೆ ಸಚಿವಾಲಯದ ಪಕ್ಕದ ಪ್ರತಿಮೆಯನ್ನು ನೋಡಿರುತ್ತಾರೆ. ನಿಲುವಂಗಿ ತೊಟ್ಟ ಪಾದ್ರಿ ಕೈ ಚಾಚಿ ನಿಂತಿದ್ದಾರೆ, ಎದುರಿಗೆ ಮಹಿಳೆಯೊಬ್ಬಳು ವಾಲಿ ಬಿದ್ದಿದ್ದಾಳೆ. ನೋಡಿದವರಿಗೆ ಮಾಟಗಾರನಂತೆ ಕಾಣುವ ಈ ಪಾದ್ರಿ, ಇದರಲ್ಲಿ ಮಾಟವೇನೂ ಇಲ್ಲ ಎಂದು ವಾದಿಸಿದವರು.

ಜೋಸೆ ಕುಸ್ತೋದಿಯೊ ದ ಫಾರಿಯಾ ಹುಟ್ಟಿದ್ದು 1756ರಲ್ಲಿ, ಬಾರ್ದೇಸಿನ ಕ್ಯಾಂಡೋಲಿಂನಲ್ಲಿ. ತಂದೆ-ತಾಯಿ ಬೇರೆಯಾಗಿ ತಂದೆ ಪಾದ್ರಿಯಾದರು, ತಾಯಿ ಸನ್ಯಾಸಿನಿಯಾದರು. 1771ರಲ್ಲಿ ತಂದೆಯೊಂದಿಗೆ ಲಿಸ್ಬನ್‌ಗೆ ಹೊರಟ ಹುಡುಗ ಮುಂದೆ ರೋಮ್‌ನಲ್ಲಿ ಓದಿ 1780ರಲ್ಲಿ ಪಾದ್ರಿಯಾದ.

ಲಿಸ್ಬನ್‌ನಲ್ಲಿ ರಾಣಿಯ ಮುಂದೆ ಪ್ರವಚನಕ್ಕೆ ನಿಂತಾಗ ಫಾರಿಯಾ ಅವರ ಬಾಯಿ ಕಟ್ಟಿತಂತೆ. ಕೂತವರೆಲ್ಲ ಬರೀ ಭಾಜಿ, ಹೆಚ್ಚುತ್ತಾ ಹೋಗು ಎಂಬರ್ಥದಲ್ಲಿ ತಂದೆ ಕೊಂಕಣಿಯಲ್ಲಿ ಪಿಸುಗುಟ್ಟಿದೊಡನೆ ಮಾತು ಸಲೀಸಾಯಿತು ಎಂಬ ಕಥೆ ಗೋವಾದಲ್ಲಿ ಮನೆಮಾತು. ಒಂದು ಮಾತು ಮೈಯ ನಡುಕವನ್ನು ನಿಲ್ಲಿಸೀತೇ? ಅವರ ಮುಂದಿನ ಬದುಕೆಲ್ಲ ಈ ಪ್ರಶ್ನೆಯ ಸುತ್ತಲೇ ನಡೆಯಿತು.

ಪೋರ್ಚುಗೀಸರ ವಿರುದ್ಧ 1787ರಲ್ಲಿ ನಡೆದ ಪಿಂಟೋ ಬಂಡಾಯ ವಿಫಲವಾದ ಬಳಿಕ, 1788ರಲ್ಲಿ ಫಾರಿಯಾ ಪ್ಯಾರಿಸ್ ಸೇರಿದರು. ಮಾಂತ್ರಿಕನ ಮೈಯಿಂದ ಕಾಣದ ದ್ರವವೊಂದು ಹರಿದು ರೋಗಿಯನ್ನು ನಿದ್ದೆಗೆ ತಳ್ಳುತ್ತದೆ ಎಂಬ ಮೆಸ್ಮರ್‌ನ ವಾದ ಆಗ ಪ್ರಸಿದ್ಧವಾಗಿತ್ತು. ಅಂಥ ದ್ರವಕ್ಕೆ ಪುರಾವೆಯಿಲ್ಲ, ಎಲ್ಲವೂ ಕಲ್ಪನೆ ಎಂದು 1784ರಲ್ಲಿಯೇ ಫ್ರಾಂಕ್ಲಿನ್, ಲಾವೋಸಿಯೇ ಇದ್ದ ಸಮಿತಿ ವರದಿ ಕೊಟ್ಟಿತ್ತು. ಆದರೆ ಕಲ್ಪನೆ ಹೇಗೆ ಕೆಲಸ ಮಾಡುತ್ತದೆ ಎಂದು ಕೇಳಿದವರು ಫಾರಿಯಾ.

1813ರಿಂದ ಪ್ಯಾರಿಸ್‌ನಲ್ಲಿ ಅವರು ಬಹಿರಂಗ ಪ್ರಯೋಗ ನಡೆಸಿದರು. ಜನರನ್ನು ಕೂರಿಸಿ, ಮನಸ್ಸು ಒಂದೆಡೆ ನಿಲ್ಲಿಸಲು ಹೇಳಿ, ನಿದ್ದೆ ಮಾಡುವಂತೆ ಆಜ್ಞೆ ಮಾಡುತ್ತಿದ್ದರು. ನಿದ್ದೆ ಬರುವುದು ಮಲಗುವವನ ಒಳಗಿಂದಲೇ ಹೊರತು ಮಲಗಿಸುವವನಿಂದಲ್ಲ ಎಂಬುದು ಅವರ ವಾದ. ಎಲ್ಲರಿಗೂ ಇದು ಏಕೆ ಆಗದು ಎಂಬುದಕ್ಕೆ ಅವರು ಕೊಟ್ಟ ಕಾರಣ ಮಾತ್ರ ದೇಹದ್ದು: ರಕ್ತ ತೆಳುವಾಗಿದ್ದವರು ಬೇಗ ನಿದ್ದೆಗೆ ಜಾರುತ್ತಾರೆ ಎಂದು ನಂಬಿದ್ದರು. ಆತ್ಮವನ್ನು ನಂಬಿದ ಪಾದ್ರಿ ದೇಹವನ್ನು ಕೈಬಿಡಲಿಲ್ಲ ಎಂಬುದು ಗಮನಾರ್ಹ.

ಇದಕ್ಕೆ ಸಿಕ್ಕಿದ್ದು ಗೇಲಿ. ನಾಟಕಗಳಲ್ಲಿ ಅವರನ್ನು ಅಪಹಾಸ್ಯ ಮಾಡಲಾಯಿತು. 1819ರ ಸೆಪ್ಟೆಂಬರ್ 20ರಂದು ಬಡತನದಲ್ಲಿಯೇ ತೀರಿಕೊಂಡರು. ಅದೇ ವರ್ಷ ಅವರ ಪುಸ್ತಕ ಹೊರಬಂತು. ಮುಂದೆ ಫ್ರಾನ್ಸಿನ ನಾನ್ಸಿಯ ವೈದ್ಯರು ಸಂಮೋಹನಕ್ಕೆ ಸೂಚನೆಯೇ ಕಾರಣ ಎಂದಾಗ ಫಾರಿಯಾ ಅವರ ಮಾತಿಗೆ ಬೆಲೆ ಬಂತು. ಡ್ಯೂಮಾ ತನ್ನ ಕಾದಂಬರಿಯ ಸೆರೆಮನೆಯ ಪಾದ್ರಿಗೆ ಇವರ ಹೆಸರನ್ನೇ ಇಟ್ಟ. ಪಣಜಿಯ ಪ್ರತಿಮೆ ನಿಂತದ್ದು 1945ರಲ್ಲಿ.

ಸಂಮೋಹನದ ಸೂಚನೆಯಿಂದ ನೋವು ಕಡಿಮೆ ಎನಿಸಿದಾಗ ಮೆದುಳಿನ ಚಟುವಟಿಕೆಯೂ ಬದಲಾಗುತ್ತದೆ ಎಂದು ಈಗ ಸ್ಕ್ಯಾನ್‌ಗಳು ತೋರಿಸಿವೆ. ಹಾಗಾದರೆ ಯೋಚನೆ ಎಂದರೆ ಮೆದುಳಿನ ಚಟುವಟಿಕೆ ಮಾತ್ರವೇ? ಸ್ಕ್ಯಾನ್ ಇವೆರಡೂ ಒಟ್ಟಿಗೆ ನಡೆಯುವುದನ್ನು ತೋರಿಸುತ್ತದೆ, ಎರಡೂ ಒಂದೇ ಎಂದು ಹೇಳುವುದಿಲ್ಲ. ಕ್ಯಾಂಡೋಲಿಂನ ಪಾದ್ರಿ ಕೇಳಿದ ಪ್ರಶ್ನೆ ಇನ್ನೂ ಮುಗಿದಿಲ್ಲ.