ಮೇವಿನ ಲೆಕ್ಕ ಹಿಡಿದ ಗೇಣಿದಾರ: ರಾಬರ್ಟ್ ಬೇಕ್‌ವೆಲ್



ನಮ್ಮ ಸಂಘದ ರಜತ ಮಹೋತ್ಸವದ ಈ ಸಂಚಿಕೆಯಲ್ಲಿ ಪರದೇಶದ ರೈತನೊಬ್ಬನ ಕಥೆ ಯಾಕೆ ಬೇಕಿತ್ತು ಅಂತ ಕೆಲವರು ಕೇಳಬಹುದು. ಕಾರಣ ಇದೆ. ನಮ್ಮಲ್ಲಿ ಎರಡು ಮೂರು ಎಕರೆಯವರೇ ಹೆಚ್ಚು. ಹಸು ಕಟ್ಟೋಣವೇ, ಎಮ್ಮೆ ಕಟ್ಟೋಣವೇ, ಇಲ್ಲಾ ನಾಲ್ಕು ಕುರಿ ಸಾಕೋಣವೇ ಎಂಬ ಮಾತು ಪ್ರತಿ ಮನೆಯಲ್ಲೂ ಬರುತ್ತದೆ. ಸಾಲ ತೆಗೆದು ಸಂತೆಗೆ ಹೋಗುತ್ತೇವೆ. ಸುಳಿ ನೋಡುತ್ತೇವೆ, ಕೊಂಬು ನೋಡುತ್ತೇವೆ, ಬಣ್ಣ ನೋಡುತ್ತೇವೆ. ದಲ್ಲಾಳಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸುತ್ತಾನೆ. ಹಗ್ಗ ಹಿಡಿದು ಮನೆಗೆ ಬರುತ್ತೇವೆ. ಈ ಪ್ರಾಣಿ ತಿಂದ ಮೇವಿಗೆ ತಿರುಗಿ ಏನು ಕೊಟ್ಟೀತು ಎಂದು ಕೇಳುವುದು ಮಾತ್ರ ಮರೆತುಹೋಗುತ್ತದೆ. ಆ ಪ್ರಶ್ನೆಯನ್ನು ಜೀವಮಾನವಿಡೀ ಕೇಳುತ್ತಾ, ಅದರಿಂದಲೇ ಜಗತ್ಪ್ರಸಿದ್ಧನಾದವನು ರಾಬರ್ಟ್ ಬೇಕ್‌ವೆಲ್. ಆತ ಗೆದ್ದದ್ದೂ ನಮಗೆ ಪಾಠ, ಸೋತದ್ದೂ ಪಾಠ.

ಹುಟ್ಟು ಮತ್ತು ಜಮೀನು

ಬೇಕ್‌ವೆಲ್ ಹುಟ್ಟಿದ್ದು 1725ರಲ್ಲಿ, ಇಂಗ್ಲೆಂಡಿನ ನಡುನಾಡಾದ ಲೆಸ್ಟರ್‌ಷೈರಿನ ಡಿಷ್ಲಿ ಎಂಬಲ್ಲಿ. ಹತ್ತಿರದ ಪಟ್ಟಣ ಲಫ್‌ಬರೋ. ನಮ್ಮ ಮೈಸೂರು ಸೀಮೆಯಲ್ಲಿ ಹೈದರಾಲಿ, ಟಿಪ್ಪು ಸುಲ್ತಾನರು ಆಳುತ್ತಿದ್ದಾಗ ಆತ ಅಲ್ಲಿ ಕುರಿ ದನ ಸಾಕುತ್ತಿದ್ದ. ಜಮೀನು ಸುಮಾರು 440 ಎಕರೆ. ನಮ್ಮ ಕಣ್ಣಿಗೆ ಅದು ದೊಡ್ಡ ಆಸ್ತಿಯೇ ಸರಿ, ಆದರೆ ಸ್ವಂತದ್ದಲ್ಲ. ಅಜ್ಜ, ಅಪ್ಪ, ಮಗ ಮೂವರೂ ಗೇಣಿದಾರರು. ಬೆಳೆ ಬರಲಿ ಬಿಡಲಿ ಗೇಣಿ ಕಟ್ಟಲೇಬೇಕಾದವನಿಗೆ ಒಂದು ಹೊರೆ ಹುಲ್ಲೂ ಸುಮ್ಮನೆ ಹೋಗಬಾರದು ಎಂಬ ಎಚ್ಚರ ತಾನಾಗಿಯೇ ಬರುತ್ತದೆ.

ಹರೆಯದಲ್ಲಿ ಆತ ಊರೂರು ತಿರುಗಿ ಬೇರೆಯವರ ಬೇಸಾಯ, ದನಕರು ನೋಡಿಕೊಂಡು ಬಂದ. ತಂದೆಯ ನಂತರ ಪೂರ್ತಿ ಜವಾಬ್ದಾರಿ ಹೆಗಲಿಗೆ ಬಿತ್ತು. ಮದುವೆ ಆಗಲಿಲ್ಲ. ತಂಗಿ ಹ್ಯಾನಾ ಮನೆ ನೋಡಿಕೊಳ್ಳುತ್ತಿದ್ದಳು.

ಮೊದಲು ಆತ ಕೈ ಹಾಕಿದ್ದು ಮೇವಿಗೆ. ಜಮೀನಿನ ಹೆಚ್ಚು ಪಾಲನ್ನು ಹುಲ್ಲಿಗೇ ಬಿಟ್ಟ. ಹಳ್ಳದ ನೀರನ್ನು ಕಾಲುವೆ ತೋಡಿ ಹುಲ್ಲುಗಾವಲಿಗೆ ಹಾಯಿಸಿದ. ನೀರು ಹಾಯಿಸಿದ ತುಂಡಿನ ಪಕ್ಕದಲ್ಲೇ ನೀರು ಹಾಯಿಸದ ತುಂಡೊಂದನ್ನು ಬೇಕಂತಲೇ ಉಳಿಸಿಕೊಂಡ. ಎರಡನ್ನೂ ಹೋಲಿಸಿ ನೋಡಬಹುದಲ್ಲ! ಆತನ ಬುದ್ಧಿಯೆಲ್ಲಾ ಹೀಗೆ. ಯಾವುದನ್ನೂ ಬಾಯಿಮಾತಿಗೆ ನಂಬುತ್ತಿರಲಿಲ್ಲ, ಪಕ್ಕಪಕ್ಕ ಇಟ್ಟು ನೋಡಬೇಕು.

ಪ್ರಾಣಿ ಆರಿಸಿದ ಬಗೆ

ಆ ಕಾಲದಲ್ಲಿ ಅಲ್ಲಿಯ ಗೋಮಾಳಗಳಲ್ಲಿ ಊರ ಕುರಿ ದನಗಳೆಲ್ಲಾ ಒಟ್ಟಿಗೇ ಮೇಯುತ್ತಿದ್ದವು. ಯಾವ ಟಗರು ಯಾವ ಕುರಿಗೆ ಕಟ್ಟಿತು ಎಂದು ಕೇಳುವವರಿಲ್ಲ. ಕುರಿಯನ್ನು ಮುಖ್ಯವಾಗಿ ಉಣ್ಣೆಗೆ, ಎತ್ತನ್ನು ಉಳುಮೆಗೆ ಸಾಕುತ್ತಿದ್ದರು. ಮುದಿಯಾದ ಮೇಲೆ ಮಾಂಸಕ್ಕೆ. ಎತ್ತರ ಇದ್ದದ್ದೇ ಒಳ್ಳೆಯದು, ಎಲುಬು ದಪ್ಪ ಇದ್ದದ್ದೇ ಗಟ್ಟಿ ಎಂದು ಜನ ನಂಬಿದ್ದರು.

ಬೇಕ್‌ವೆಲ್ ಗಮನಿಸಿದ್ದು ಬೇರೆ. ಸುತ್ತಮುತ್ತ ಕಾರ್ಖಾನೆ ಪಟ್ಟಣಗಳು ಬೆಳೆಯುತ್ತಿದ್ದವು. ಮೈಮುರಿದು ದುಡಿಯುವ ಕೂಲಿ ಜನಕ್ಕೆ ಕೊಬ್ಬು ಇರುವ ಮಾಂಸ, ಕಡಿಮೆ ಬೆಲೆಗೆ ಬೇಕಾಗಿತ್ತು. ಹಾಗಿದ್ದ ಮೇಲೆ ಎಲುಬಿಗೂ ಉದ್ದ ಕಾಲಿಗೂ ಮೇವು ಸುರಿಯುವುದೇಕೆ? ಎಲುಬು ಸಣ್ಣದು, ಕಾಲು ಗಿಡ್ಡ, ಮೈ ಪೀಪಾಯಿಯ ಹಾಗೆ ದುಂಡು, ಬೇಗ ಮೈ ತುಂಬಿಕೊಳ್ಳುವುದು, ಇಂಥ ಕುರಿಗಳನ್ನೇ ಆರಿಸಿದ. ಗಂಡು ಹೆಣ್ಣುಗಳನ್ನು ಬೇರೆ ಬೇರೆ ಕೂಡಿದ. ಯಾವುದಕ್ಕೆ ಯಾವುದು ಎಂದು ತಾನೇ ತೀರ್ಮಾನಿಸಿ ಬಿಟ್ಟ. ಬೇರೆ ಬೇರೆ ತಳಿಯ ಪ್ರಾಣಿಗಳಿಗೆ ಮೇವು ತೂಗಿ ಹಾಕಿ, ಯಾವುದು ಎಷ್ಟು ಮೈ ಹಿಡಿಯಿತು ಎಂದು ನೋಡಿದ. ಕೊಯ್ದ ಪ್ರಾಣಿಗಳ ಅಸ್ಥಿಪಂಜರವನ್ನೂ ಉಪ್ಪುನೀರಿನಲ್ಲಿಟ್ಟ ಮಾಂಸದ ತುಂಡುಗಳನ್ನೂ ಮನೆಯಲ್ಲೇ ಇಟ್ಟುಕೊಂಡು ಒಂದು ತಲೆಮಾರಿಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಹುಡುಕುತ್ತಿದ್ದ.

ಹೀಗೆ ಹುಟ್ಟಿದ್ದು ನ್ಯೂ ಲೆಸ್ಟರ್ ಎಂಬ ಕುರಿ ತಳಿ. ಬೇರೆ ಕುರಿಗಳಿಗೆ ಮೂರು ನಾಲ್ಕು ವರ್ಷ ಬೇಕಾಗುತ್ತಿದ್ದರೆ ಇದು ಎರಡು ವರ್ಷಕ್ಕೆ ಕಟುಕರಿಗೆ ಸಿದ್ಧ. ನಮ್ಮ ಮಳವಳ್ಳಿ ತಾಲ್ಲೂಕಿನ ಬಂಡೂರು ಕುರಿಯನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಗಿಡ್ಡ ಕಾಲು, ಅಗಲ ಬೆನ್ನು, ಮೈತುಂಬಾ ಮಾಂಸ. ಅದೇ ಕಾಲದಲ್ಲಿ ನಮ್ಮ ಅಮೃತ ಮಹಲಿನ ಎತ್ತುಗಳನ್ನು ದಂಡಿನ ಸಾಮಾನು ಎಳೆಯುವುದಕ್ಕೆ ಓಟ, ತ್ರಾಣ ನೋಡಿ ಬೆಳೆಸುತ್ತಿದ್ದರು. ಕೆಲಸ ಬೇರೆ, ಪ್ರಾಣಿ ಬೇರೆ. ಯಾವ ಕೆಲಸಕ್ಕೆ ಎಂದು ಮೊದಲು ಗೊತ್ತಿರಬೇಕು.

ಡಿಷ್ಲಿಗೆ ಹೋಗಿದ್ದ ಆರ್ಥರ್ ಯಂಗ್ ಎಂಬ ಬೇಸಾಯ ಲೇಖಕರು ಅಲ್ಲಿಯ ಹೋರಿಗಳ ಸೌಮ್ಯ ಸ್ವಭಾವ ಕಂಡು ಬೆರಗಾಗಿದ್ದರು. ದೊಡ್ಡ ಹೋರಿಯನ್ನು ಸಣ್ಣ ಹುಡುಗನೊಬ್ಬ ಎಳೆಯ ಕೋಲು ಹಿಡಿದು ನಡೆಸುತ್ತಿದ್ದನಂತೆ. ಹೊಡೆತ ಬಡಿತಕ್ಕೆ ಅಲ್ಲಿ ಜಾಗವಿರಲಿಲ್ಲ.

ಟಗರು ಬಾಡಿಗೆ

ಬೇಕ್‌ವೆಲ್ಲನ ಜಾಣತನ ಕಾಣುವುದು ಇಲ್ಲಿ. ಒಳ್ಳೆಯ ಟಗರನ್ನು ಆತ ಮಾರುತ್ತಿರಲಿಲ್ಲ, ಒಂದು ಕಾಲಕ್ಕೆ ಬಾಡಿಗೆಗೆ ಕೊಡುತ್ತಿದ್ದ. 1760ರಲ್ಲಿ ಶುರು ಮಾಡಿದಾಗ ಒಂದು ಟಗರಿಗೆ ಸಿಕ್ಕಿದ್ದು 17 ಷಿಲಿಂಗು 6 ಪೆನ್ಸ್. 21 ಷಿಲಿಂಗಿಗೆ ಒಂದು ಗಿನಿ, ಅಂದರೆ ಒಂದು ಗಿನಿಯೂ ಹುಟ್ಟಲಿಲ್ಲ. ಜನ ನಕ್ಕಿರಬೇಕು. ಆತ ಪಟ್ಟು ಬಿಡಲಿಲ್ಲ. 1789ರ ಹೊತ್ತಿಗೆ ಆತನ ಟಗರುಗಳ ಒಂದು ವರ್ಷದ ಬಾಡಿಗೆಯೇ ಸುಮಾರು 3,000 ಗಿನಿ ಮುಟ್ಟಿತ್ತು.

ದುಡ್ಡಿಗಿಂತ ದೊಡ್ಡ ಲಾಭ ಇನ್ನೊಂದಿತ್ತು. ಟಗರು ಹತ್ತು ಮಂದೆಗೆ ಹೋದರೆ ಅದರ ಮರಿಗಳನ್ನು ಹತ್ತು ಕಡೆ ನೋಡಬಹುದು. ಯಾವ ಟಗರಿನ ಮರಿ ಚೆನ್ನಾಗಿವೆಯೋ ಅದನ್ನು ತನ್ನ ಮಂದೆಗೆ ಇಟ್ಟುಕೊಳ್ಳುತ್ತಿದ್ದ. ತಂದೆಯ ಗುಣವನ್ನು ಮಕ್ಕಳಿಂದ ಅಳೆಯುವುದು ಎಂದರೆ ಇದೇ. ಇಂದು ಹಸು ಬೆದೆಗೆ ಬಂದಾಗ ನಾವು ಇಂಜೆಕ್ಷನ್ ಹಾಕಿಸುತ್ತೇವಲ್ಲ, ಆ ಹೋರಿಗಳನ್ನು ಆರಿಸುವ ಹಿಂದೆಯೂ ಮಗಳ ಹಾಲು ನೋಡಿ ತಂದೆಯನ್ನು ತೂಗುವ ಈ ವಿಚಾರವೇ ಇದೆ.

ಏಳುಬೀಳು

ಇಷ್ಟೆಲ್ಲಾ ಇದ್ದರೂ 1776ರಲ್ಲಿ ಬೇಕ್‌ವೆಲ್ ದಿವಾಳಿಯಾದ. ಡಿಷ್ಲಿ ನೋಡಲು ದೂರದೇಶದ ರಾಜಮನೆತನದವರೂ ಬರುತ್ತಿದ್ದರು. ಬಂದವರಿಗೆಲ್ಲಾ ಧಾರಾಳ ಊಟೋಪಚಾರ. ಆ ಖರ್ಚೂ ಆತನನ್ನು ಮುಳುಗಿಸಿತು ಎಂಬ ಮಾತಿದೆ. ಮೇವನ್ನು ತೂಗಿ ಹಾಕಿದವನು ಮನೆಯ ಖರ್ಚನ್ನು ತೂಗಲಿಲ್ಲವೋ ಏನೋ. ಕೊಟ್ಟಿಗೆಯಲ್ಲಿ ದೇಶಕ್ಕೇ ಹೆಸರಾದ ಪ್ರಾಣಿ ಇದ್ದರೂ ಸಾಲ ಸಾಲವೇ. ಆದರೂ ಆತ ಎದ್ದು ನಿಂತ. 1785ರಲ್ಲಿ ತಾನು ಬೆಳೆಸಿದ ಕಪ್ಪು ಗಾಡಿ ಕುದುರೆಯನ್ನು ಲಂಡನ್ನಿನಲ್ಲಿ ಮೂರನೇ ಜಾರ್ಜ್ ದೊರೆಗೆ ತೋರಿಸುವ ಮಟ್ಟಕ್ಕೆ ಬಂದ.

1780ರ ದಶಕದಲ್ಲಿ ಕುರಿ ಬೆಳೆಸುವವರು ಸೇರಿ ಡಿಷ್ಲಿ ಸೊಸೈಟಿ ಎಂಬ ಸಂಘ ಕಟ್ಟಿದರು. ತಳಿ ಕಲಬೆರಕೆ ಆಗದಂತೆ ಕಾಯುವುದು, ಟಗರು ಬಾಡಿಗೆಗೆ ನಿಯಮ ಮಾಡುವುದು ಅದರ ಕೆಲಸ. ಒಗ್ಗಟ್ಟಿನಿಂದ ಬೆಲೆ ನಿಂತಿತು, ನಿಜ. ಆದರೆ ಅದು ಕೆಲವೇ ಮಂದಿ ದೊಡ್ಡವರ ಕೂಟ, ಸಣ್ಣ ರೈತನಿಗೆ ಒಳ್ಳೆಯ ಟಗರು ಕೈಗೆಟುಕದಂತೆ ಮಾಡಿತು ಎಂಬ ದೂರೂ ಬಂತು. ಸಂಘ ಕಟ್ಟಿದರಷ್ಟೇ ಸಾಲದು, ಬಾಗಿಲು ಯಾರಿಗೆ ತೆರೆದಿದೆ ಎಂಬುದೂ ಮುಖ್ಯ. ನಮ್ಮ ಸಂಘದಲ್ಲಿ ಅರ್ಧ ಲೀಟರ್ ಹಾಕುವವರಿಗೂ ಇಪ್ಪತ್ತು ಲೀಟರ್ ಹಾಕುವವರಿಗೂ ಒಂದೇ ಸಾಲು.

ಎಡವಿದ್ದೆಲ್ಲಿ

ದನದಲ್ಲಿ ಬೇಕ್‌ವೆಲ್ ಆರಿಸಿದ್ದು ಉದ್ದ ಕೊಂಬಿನ ಲಾಂಗ್‌ಹಾರ್ನ್ ತಳಿ. ಅಲ್ಲಿಯೂ ಮಾಂಸವೇ ಗುರಿ. ಒಳ್ಳೆಯ ಗುಣ ನಿಲ್ಲಲೆಂದು ಹತ್ತಿರದ ರಕ್ತಸಂಬಂಧದ ಪ್ರಾಣಿಗಳನ್ನೇ ಒಂದಕ್ಕೊಂದು ಬಿಟ್ಟ. ಮೈ ತುಂಬಿಕೊಂಡಿತು, ಆದರೆ ಹಾಲು ಇಳಿಯಿತು, ಗಬ್ಬ ನಿಲ್ಲುವುದೂ ಕಡಿಮೆಯಾಯಿತು. ಕುರಿಯಲ್ಲೂ ಮರಿಗಳ ಸಂಖ್ಯೆ ಇಳಿಯಿತು. ಒಂದನ್ನೇ ಹಿಡಿದು ಎಳೆದರೆ ಇನ್ನೊಂದು ಕೈ ಬಿಡುತ್ತದೆ.

ಡರ್ಹಮ್ ಪ್ರಾಂತ್ಯದ ಕೊಲಿಂಗ್ ಸಹೋದರರು ಆತನ ವಿಧಾನವನ್ನೇ ಕಲಿತರು. ಆದರೆ ಹಾಲೂ ಮಾಂಸವೂ ಎರಡೂ ಇದ್ದ ಷಾರ್ಟ್‌ಹಾರ್ನ್ ತಳಿಯನ್ನು ಕೈಗೆತ್ತಿಕೊಂಡರು. ಬೇಕ್‌ವೆಲ್ ತೀರಿಕೊಂಡ ಮೇಲೆ ರೈತರು ಷಾರ್ಟ್‌ಹಾರ್ನ್ ಕಡೆಗೇ ವಾಲಿದರು. ಲಾಂಗ್‌ಹಾರ್ನ್ ಮೂಲೆಗೆ ಬಿತ್ತು. ಮುಂದೆ ಜನರ ಬಾಯಿರುಚಿಯೂ ಬದಲಾಗಿ, ಅಷ್ಟು ಕೊಬ್ಬಿನ ಮಾಂಸ ಬೇಡವಾಯಿತು. ಆದರೂ ನ್ಯೂ ಲೆಸ್ಟರ್ ಕುರಿಯ ರಕ್ತ ಬಾರ್ಡರ್ ಲೆಸ್ಟರ್ ಮುಂತಾದ ತಳಿಗಳಲ್ಲಿ ಉಳಿದುಕೊಂಡಿದೆ. ಆತನ ವಿಧಾನವಂತೂ ಅಳಿಯಲಿಲ್ಲ. 1859ರಲ್ಲಿ ಡಾರ್ವಿನ್ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಬೇಕ್‌ವೆಲ್ಲನ ಹೆಸರು ಹೇಳಿದ್ದಾರೆ.

1795ರ ಅಕ್ಟೋಬರ್ 1ರಂದು, ಎಪ್ಪತ್ತನೇ ವಯಸ್ಸಿನಲ್ಲಿ ಬೇಕ್‌ವೆಲ್ ತೀರಿಕೊಂಡ. ಡಿಷ್ಲಿಯ ಚಿಕ್ಕ ಚರ್ಚಿನಲ್ಲಿ ಆತನ ಸಮಾಧಿ ಇದೆ.

ನಮಗೇನು ಪಾಠ

ಬಂಧುಗಳೇ, ನಮ್ಮ ಹಿತ್ತಲಿಗೆ ಬೇಕ್‌ವೆಲ್ಲನ ಕುರಿ ಬೇಡ, ಆತನ ಲೆಕ್ಕ ಬೇಕು. ಹಸಿರು ಮೇವೂ ನೀರೂ ವರ್ಷವಿಡೀ ಇದ್ದವರಿಗೆ ಮಿಶ್ರತಳಿ ಹಸು ಸರಿ. ಒಣಹುಲ್ಲೇ ಗತಿ ಎಂಬುವರಿಗೆ ಎಮ್ಮೆ ವಾಸಿ. ಅದರ ಹಾಲು ಕಡಿಮೆಯಾದರೂ ಫ್ಯಾಟ್ ಹೆಚ್ಚು. ಬಯಲೂ ಬದುವೂ ಮಾತ್ರ ಇದ್ದವರಿಗೆ ಕುರಿ, ಮೇಕೆ. ಸಂತೆಗೆ ಹೋಗುವ ಮೊದಲು ಕೊಟ್ಟಿಗೆಯಲ್ಲಿ ಯಾವ ಮೇವಿದೆ, ಎಷ್ಟು ತಿಂಗಳಿಗಿದೆ ಎಂದು ನೋಡಿಕೊಳ್ಳಿ. ಹಾಲಿನ ಜೊತೆಗೆ ಹಸು ವರ್ಷಕ್ಕೊಂದು ಕರು ಹಾಕುತ್ತದೋ ಇಲ್ಲವೋ ವಿಚಾರಿಸಿ. ಹತ್ತು ಲೀಟರ್ ಕರೆದು ಎರಡು ವರ್ಷ ಗೊಡ್ಡು ನಿಂತರೆ ಸಾಲ ತೀರುವುದಿಲ್ಲ. ಊರ ಹೋರಿಗೆ ಅದರ ಮಗಳನ್ನೇ ಬಿಡಬೇಡಿ. ಹಿಂಡಿ ಬೂಸಾದ ಖರ್ಚನ್ನೂ ಸಂಘದ ಪಾಸ್‌ಪುಸ್ತಕದ ಜಮೆಯನ್ನೂ ತಿಂಗಳಿಗೊಮ್ಮೆ ಪಕ್ಕಪಕ್ಕ ಇಟ್ಟು ನೋಡಿ.

ಸುಳಿ ನೋಡುವ ಹಿರಿಯರನ್ನು ಹಳಿಯುವುದು ಬೇಡ. ಸುಳಿಯನ್ನೂ ನೋಡೋಣ. ಅದರ ಜೊತೆ ಮೇವಿನ ಲೆಕ್ಕವನ್ನೂ ನೋಡಿದರೆ ಮುಂದಿನ ಇಪ್ಪತ್ತೈದು ವರ್ಷಕ್ಕೆ ನಮ್ಮ ಸಂಘವೂ ಗಟ್ಟಿ, ನಮ್ಮ ಮನೆಯೂ ಗಟ್ಟಿ.