ಮಹಮದ್ ಗವಾನ್: ಜೀವನ ಚರಿತ್ರೆ ಮತ್ತು ದಾಖಲೆ ಪರೀಕ್ಷೆಯ ಪಾಠ

ಪೀಠಿಕೆ

ಬೀದರ್ ನಗರದಲ್ಲಿ ಚೌಬಾರಾದಿಂದ ಕೋಟೆಯ ಕಡೆಗೆ ಹೋಗುವ ದಾರಿಯಲ್ಲಿ, ಒಂದೇ ಮಿನಾರು ಉಳಿದಿರುವ ಬೃಹತ್ ಕಟ್ಟಡವಿದೆ. ಇದು ಮಹಮದ್ ಗವಾನನ ಮದರಸಾ. ಕಚೇರಿ ಕೆಲಸಗಳಿಗಾಗಿ ಭಾಲ್ಕಿ ಹಾಗೂ ಔರಾದ್ ತಾಲ್ಲೂಕುಗಳಿಂದ ಜಿಲ್ಲಾ ಕೇಂದ್ರಕ್ಕೆ ಬರುವ ಸಾರ್ವಜನಿಕರಿಗೂ ಇದು ಪರಿಚಿತ. ಇದನ್ನು ಕಟ್ಟಿಸಿದವನು ಒಂದು ನಕಲಿ ಪತ್ರದಿಂದಾಗಿ ಪ್ರಾಣ ಕಳೆದುಕೊಂಡನು. ದಾಖಲೆಗಳ ಪರೀಕ್ಷೆಯು ಇಂದು ವಿಧಿವಿಜ್ಞಾನದ ಒಂದು ಮುಖ್ಯ ಶಾಖೆಯಾಗಿರುವುದರಿಂದ, ಈತನ ಜೀವನ ವಿವರಗಳನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಜನನ ಮತ್ತು ಆಗಮನ

ಮಹಮದ್ ಗವಾನನು 1411ರಲ್ಲಿ ಪರ್ಷಿಯಾದ ಗಿಲಾನ್ ಪ್ರಾಂತ್ಯದಲ್ಲಿ ಜನಿಸಿದನು. ವ್ಯಾಪಾರಿಯಾಗಿ ಸಮುದ್ರ ಮಾರ್ಗದಲ್ಲಿ ಕೊಂಕಣದ ದಾಭೋಳ ಬಂದರಿಗೆ ಬಂದು, ಅಲ್ಲಿಂದ ಬಹಮನಿ ರಾಜಧಾನಿಯಾದ ಬೀದರ್ ತಲುಪಿದನು. ಎರಡನೆಯ ಅಲಾವುದ್ದೀನ್ ಅಹಮದನ ಆಸ್ಥಾನದಲ್ಲಿ ಸೇವೆಗೆ ಸೇರಿದ ಈತನು, ಮುಂದೆ ಬಾಲರಾಜ ನಿಜಾಮ್ ಷಾನ ಕಾಲದಲ್ಲಿ ರಾಜಮಾತೆಯೊಡನೆ ಆಡಳಿತ ಮಂಡಳಿಯಲ್ಲಿದ್ದು, ಮೂರನೆಯ ಮುಹಮ್ಮದ್ ಷಾನ ಆಳ್ವಿಕೆಯಲ್ಲಿ ಪ್ರಧಾನಿಯಾದನು.

ಆಡಳಿತ ಸುಧಾರಣೆಗಳು

ರಾಜ್ಯದ ನಾಲ್ಕು ಪ್ರಾಂತ್ಯಗಳನ್ನು ಎಂಟಾಗಿ ವಿಂಗಡಿಸಿ, ಪ್ರತಿ ಪ್ರಾಂತ್ಯಾಧಿಕಾರಿಯ ವಶದಲ್ಲಿ ಒಂದೇ ಕೋಟೆ ಇರುವಂತೆ ಕ್ರಮ ಕೈಗೊಳ್ಳಲಾಯಿತು. ಭೂಮಿಯ ಅಳತೆ ನಡೆಸಿ ಕಂದಾಯ ನಿಗದಿಪಡಿಸಲಾಯಿತು. 1472ರಲ್ಲಿ ಗೋವಾ ಬಹಮನಿಗಳ ವಶವಾಯಿತು. ಈ ಸುಧಾರಣೆಗಳಿಂದ ಅಧಿಕಾರ ಕಳೆದುಕೊಂಡ ಸರದಾರರು ಈತನ ವಿರೋಧಿಗಳಾದರು.

ಮದರಸಾ ಮತ್ತು ಗ್ರಂಥಾಲಯ

1472ರಲ್ಲಿ ನಿರ್ಮಿಸಲಾದ ಮೂರು ಅಂತಸ್ತಿನ ಮದರಸಾದಲ್ಲಿ ಉಪನ್ಯಾಸ ಕೊಠಡಿಗಳು, ವಿದ್ಯಾರ್ಥಿಗಳ ವಾಸದ ಕೋಣೆಗಳು, ಮಸೀದಿ ಹಾಗೂ ಗ್ರಂಥಾಲಯ ಇದ್ದವು. ಗ್ರಂಥಾಲಯದಲ್ಲಿ ಸುಮಾರು 3000 ಹಸ್ತಪ್ರತಿಗಳಿದ್ದವೆಂದು ಹೇಳಲಾಗುತ್ತದೆ. ಧರ್ಮಶಾಸ್ತ್ರ, ತತ್ವಶಾಸ್ತ್ರ, ಖಗೋಳಶಾಸ್ತ್ರ, ಗಣಿತಗಳೊಂದಿಗೆ ವೈದ್ಯಶಾಸ್ತ್ರವೂ ಇಲ್ಲಿನ ಕಲಿಕೆಯ ವಿಷಯವಾಗಿತ್ತು. ಗವಾನನು ಸ್ವತಃ ವಿದ್ವಾಂಸನಾಗಿದ್ದು, ಈತನ ಪತ್ರಗಳ ಸಂಗ್ರಹವು ರಿಯಾಜ್-ಉಲ್-ಇನ್ಶಾ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ಪತ್ರಲೇಖನ ಕಲೆಯನ್ನು ಕುರಿತೂ ಗ್ರಂಥ ರಚಿಸಿದ್ದಾನೆ. ಹದಿನೇಳನೆಯ ಶತಮಾನದ ಅಂತ್ಯದಲ್ಲಿ ಸಂಭವಿಸಿದ ಸ್ಫೋಟದಿಂದ ಕಟ್ಟಡದ ಒಂದು ಭಾಗ ಹಾಗೂ ಒಂದು ಮಿನಾರು ನಾಶವಾದವು.

ನಕಲಿ ಪತ್ರ ಮತ್ತು ಮರಣದಂಡನೆ

ಇತಿಹಾಸಕಾರ ಫಿರಿಶ್ತಾನ ವಿವರಣೆಯಂತೆ, ವಿರೋಧಿಗಳು ಗವಾನನ ಮುದ್ರೆಯ ಪಾಲಕನನ್ನು ಒಲಿಸಿಕೊಂಡು, ಏನೂ ಬರೆಯದ ಕಾಗದದ ಮೇಲೆ ಮುದ್ರೆ ಒತ್ತಿಸಿಕೊಂಡರು. ಒರಿಸ್ಸಾದ ಗಜಪತಿ ದೊರೆಯನ್ನು ದಂಡಯಾತ್ರೆಗೆ ಆಹ್ವಾನಿಸುವ ಪತ್ರವನ್ನು ಅದರ ಮೇಲೆ ಬರೆದು ಸುಲ್ತಾನನ ಮುಂದಿಟ್ಟರು. ಗವಾನನು ಮುದ್ರೆ ತನ್ನದೇ ಎಂದು ಒಪ್ಪಿಕೊಂಡು, ಬರಹವನ್ನು ನಿರಾಕರಿಸಿದನು. ಯಾವುದೇ ವಿಚಾರಣೆ ನಡೆಯಲಿಲ್ಲ. 1481ರ ಏಪ್ರಿಲ್ 5ರಂದು ಕೊಂಡಪಲ್ಲಿಯ ಶಿಬಿರದಲ್ಲಿ, ಸುಮಾರು 70 ವರ್ಷ ವಯಸ್ಸಿನ ಪ್ರಧಾನಿಗೆ ಮರಣದಂಡನೆ ವಿಧಿಸಲಾಯಿತು.

ತದನಂತರ ಸುಲ್ತಾನನು ಆಸ್ತಿಯ ಲೆಕ್ಕ ಕೇಳಿದಾಗ ಖಜಾನೆಯಲ್ಲಿ ದೊರೆತದ್ದು ಅಲ್ಪ ಮೊತ್ತ ಮಾತ್ರ. ಜಾಗೀರಿನ ಆದಾಯವು ಸೈನಿಕರ ಸಂಬಳಕ್ಕೂ ಬಡವರಿಗೂ ಸಂದಾಯವಾಗಿತ್ತು. ಸರ್ಕಾರದ ಬಾಬ್ತು ಬೇರೆ, ಬಡವರ ಬಾಬ್ತು ಬೇರೆ ಎಂದು ಲೆಕ್ಕವಿಡಲಾಗಿತ್ತು. ಗ್ರಂಥಗಳು ಮದರಸಾದ ವಿದ್ಯಾರ್ಥಿಗಳಿಗೆ ಮೀಸಲಾಗಿದ್ದವು. ಪಶ್ಚಾತ್ತಾಪಪಟ್ಟ ಸುಲ್ತಾನನು 1482ರಲ್ಲಿ ನಿಧನನಾದನು. ಮುಂದಿನ ದಶಕಗಳಲ್ಲಿ ರಾಜ್ಯವು ಬಿಜಾಪುರ, ಅಹಮದ್‌ನಗರ, ಬೇರಾರ್, ಗೋಲ್ಕೊಂಡ ಮತ್ತು ಬೀದರ್ ಎಂದು ಐದಾಗಿ ಒಡೆಯಿತು.

ದಾಖಲೆ ಪರೀಕ್ಷೆಯ ಇಂದಿನ ವಿಧಾನ

ಇಂತಹ ಪತ್ರವೊಂದು ಇಂದು ನ್ಯಾಯಾಲಯಕ್ಕೆ ಬಂದಲ್ಲಿ, ಮುದ್ರೆ ಅಸಲಿ ಎಂಬ ಒಂದೇ ಕಾರಣಕ್ಕೆ ವಿಷಯ ಇತ್ಯರ್ಥವಾಗುವುದಿಲ್ಲ. ಕೈಬರಹವನ್ನು ಆ ವ್ಯಕ್ತಿಯ ಒಪ್ಪಿತ ಬರಹಗಳೊಂದಿಗೆ ಹೋಲಿಸಲಾಗುತ್ತದೆ. ಗವಾನನ ವಿಷಯದಲ್ಲಿ ಹೋಲಿಕೆಗೆ ಪತ್ರಗಳ ಕೊರತೆ ಇರಲಿಲ್ಲ. ಅಕ್ಷರಗಳು ಮುದ್ರೆಯ ಗೆರೆಗಳನ್ನು ಹಾಯ್ದಿದ್ದಲ್ಲಿ, ಯಾವುದು ಮೊದಲು ಬಿದ್ದಿದೆ ಎಂಬುದನ್ನು ಸೂಕ್ಷ್ಮದರ್ಶಕದ ನೆರವಿನಿಂದ ಪರೀಕ್ಷಿಸಲಾಗುತ್ತದೆ. ಬರಹಕ್ಕಿಂತ ಮುದ್ರೆಯೇ ಮೊದಲು ಬಿದ್ದಿದ್ದರೆ, ಖಾಲಿ ಕಾಗದದ ದುರುಪಯೋಗದ ಶಂಕೆ ಮೂಡುತ್ತದೆ. ಸಹಿ, ಬರಹ ಮತ್ತು ಮುದ್ರೆಗಳ ಹೋಲಿಕೆಗೆ 1872ರ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅವಕಾಶವಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರಲ್ಲಿಯೂ ಈ ಅವಕಾಶ ಮುಂದುವರಿದಿದೆ.

ಸಾರ್ವಜನಿಕರ ಗಮನಕ್ಕೆ

1. ಖಾಲಿ ಕಾಗದ ಅಥವಾ ಭರ್ತಿ ಮಾಡದ ಅರ್ಜಿ ನಮೂನೆಗೆ ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಹಾಕಬಾರದು.
2. ಬೇರೆಯವರಿಂದ ಅರ್ಜಿ ಬರೆಸಿದಲ್ಲಿ, ಪೂರ್ಣವಾಗಿ ಓದಿಸಿ ಕೇಳಿದ ನಂತರವೇ ಸಹಿ ಮಾಡುವುದು.
3. ಸಂಘ-ಸಂಸ್ಥೆಗಳ ಮೊಹರನ್ನು ಜವಾಬ್ದಾರಿಯುತ ವ್ಯಕ್ತಿಯ ವಶದಲ್ಲಿಯೇ ಇಡತಕ್ಕದ್ದು.
4. ಸಲ್ಲಿಸಿದ ಅರ್ಜಿಯ ಪ್ರತಿ ಹಾಗೂ ಸ್ವೀಕೃತಿಯನ್ನು ಕಾಯ್ದಿಟ್ಟುಕೊಳ್ಳುವುದು.