ಪಟ್ಟಿಯಲ್ಲಿಲ್ಲದ ಅಮೀರ್‌ಬಾಯಿ

ಕಳೆದ ವರ್ಷ ನೇಮಕಾತಿ ಪರೀಕ್ಷೆಯೊಂದರ ಆಯ್ಕೆಪಟ್ಟಿ ಬಂದ ದಿನ ಮೊಬೈಲಿನಲ್ಲಿ ಅದನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ನಾಲ್ಕು ಸಲ ನೋಡಿದೆ. ನನ್ನ ನಂಬರ್ ಇರಲಿಲ್ಲ. ಹೀಗಾಗಿದ್ದು ಅದು ಎರಡನೇ ಸಲ. ಅಗಡಿಯ ನಮ್ಮ ಮನೆಯ ಕಟ್ಟೆಯ ಮೇಲೆ ಕೂತಿದ್ದೆ. ಅಜ್ಜ ಬಂದು ಪಕ್ಕದಲ್ಲಿ ಕೂತ. ಸಮಾಧಾನದ ಮಾತೇನೂ ಆಡದೆ ತನ್ನ ಪಾಡಿಗೆ ಒಂದು ಹಳೆಯ ಹಿಂದಿ ಹಾಡು ಗುನುಗತೊಡಗಿದ. ಯಾರದೆಂದು ಕೇಳಿದರೆ, ನಮ್ಮ ಬೀಳಗಿ ಅಮೀರ್‌ಬಾಯಿದು ಎಂದ. ಅವನ ಬಾಲ್ಯದಲ್ಲಿ ಸಾಹುಕಾರರ ಮನೆಯಲ್ಲಿ ಗ್ರಾಮೋಫೋನ್ ಇತ್ತಂತೆ. ಸಂಜೆ ಕಿಟಕಿಯ ಹೊರಗೆ ಮಂದಿ ಕೂತು ಅವರ ಪ್ಲೇಟು ಕೇಳುತ್ತಿದ್ದರಂತೆ.

ಸಾಮಾನ್ಯ ಜ್ಞಾನದ ದಪ್ಪ ದಪ್ಪ ಪುಸ್ತಕ ಓದಿದ ನನಗೆ ಆ ಹೆಸರೇ ಗೊತ್ತಿರಲಿಲ್ಲ. ನಾಚಿಕೆಯಾಯಿತು. ರಹಮತ್ ತರೀಕೆರೆಯವರು ಅಮೀರ್‌ಬಾಯಿ ಕರ್ನಾಟಕಿ ಕುರಿತು ಬರೆದ ಪುಸ್ತಕ ಹುಡುಕಿಕೊಂಡು ಓದಿದೆ. ಸಿಕ್ಕ ಹಾಡುಗಳನ್ನೆಲ್ಲ ಕೇಳಿದೆ.

ಅಮೀರ್‌ಬಾಯಿ ಹುಟ್ಟಿದ್ದು ಇಂದಿನ ಬಾಗಲಕೋಟೆ ಜಿಲ್ಲೆಯ ಬೀಳಗಿಯಲ್ಲಿ, ಸಂಗೀತ ಮತ್ತು ನಾಟಕದ ನಂಟಿದ್ದ ಮುಸ್ಲಿಂ ಕುಟುಂಬದಲ್ಲಿ. ಐವರು ಅಕ್ಕತಂಗಿಯರಲ್ಲಿ ಇಬ್ಬರು ಹೆಸರು ಮಾಡಿದರು. ಅಕ್ಕ ಗೋಹರ್‌ಬಾಯಿ ಮರಾಠಿ ರಂಗಭೂಮಿಯ ಬಾಲಗಂಧರ್ವರ ಕಂಪನಿ ಸೇರಿ, ಮುಂದೆ ಅವರ ಬಾಳಸಂಗಾತಿಯಾದರು. ತಂಗಿ ಮುಂಬೈಗೆ ಹೋಗಿ 1934ರಲ್ಲಿ ‘ವಿಷ್ಣುಭಕ್ತಿ’ ಚಿತ್ರದಿಂದ ಸಿನಿಮಾಕ್ಕೆ ಬಂದರು. ಹೆಸರಿನ ಮುಂದೆ ಕರ್ನಾಟಕಿ ಎಂದು ಸೇರಿಸಿಕೊಂಡರು. ಆಗ ನಕ್ಷೆಯಲ್ಲಿ ಕರ್ನಾಟಕ ಎಂಬ ರಾಜ್ಯವೇ ಇರಲಿಲ್ಲ; ಬೀಳಗಿ ಮುಂಬೈ ಪ್ರಾಂತ್ಯದಲ್ಲಿತ್ತು. ನಮ್ಮ ರಾಜ್ಯಕ್ಕೆ ಆ ಹೆಸರು ಬಂದದ್ದು 1973ರಲ್ಲಿ, ಅವರು ತೀರಿಕೊಂಡು ಎಂಟು ವರ್ಷಗಳಾದ ಮೇಲೆ.

ಮುಂಬೈ ಅವರಿಗೆ ಕೂಡಲೇ ಒಲಿಯಲಿಲ್ಲ. ಗ್ರಾಮೋಫೋನ್ ಕಂಪನಿಗೆ ಹಾಡಿದರು, ಸಣ್ಣ ಪಾತ್ರ ಮಾಡಿದರು. 1940ರ ‘ನರಸಿ ಭಗತ್’ ಚಿತ್ರದಲ್ಲಿ ಗಾಂಧೀಜಿಗೆ ಪ್ರಿಯವಾಗಿದ್ದ ನರಸಿ ಮೆಹ್ತಾರ ಭಜನೆಗೆ ದನಿಯಾದರು. ದೊಡ್ಡ ಗೆಲುವು ಬಂದದ್ದು 1943ರಲ್ಲಿ, ಅಂದರೆ ಮೊದಲ ಚಿತ್ರದ ಒಂಬತ್ತು ವರ್ಷಗಳ ನಂತರ. ಬಾಂಬೆ ಟಾಕೀಸಿನ ‘ಕಿಸ್ಮತ್’ ಚಿತ್ರಕ್ಕೆ ಅನಿಲ್ ಬಿಸ್ವಾಸ್ ಸಂಗೀತ, ಕವಿ ಪ್ರದೀಪರ ಸಾಹಿತ್ಯ. ಬಹುಪಾಲು ಹಾಡುಗಳಿಗೆ ಅಮೀರ್‌ಬಾಯಿ ದನಿ. ಖಾನ್ ಮಸ್ತಾನಾ ಜೊತೆ ಅವರು ಹಾಡಿದ ದೇಶಭಕ್ತಿಯ ಗೀತೆಯಲ್ಲಿ ಜರ್ಮನಿ ಮತ್ತು ಜಪಾನಿನ ಹೆಸರಿತ್ತು. ಹಾಗಾಗಿ ಬ್ರಿಟಿಷರ ಸೆನ್ಸಾರ್ ಒಪ್ಪಿತು. ‘ಕ್ವಿಟ್ ಇಂಡಿಯಾ’ ಚಳವಳಿಯ ಬಿಸಿಯಲ್ಲಿದ್ದ ಜನರಿಗೆ ಮಾತ್ರ ಆ ಹಾಡು ಯಾರನ್ನು ತೊಲಗು ಎನ್ನುತ್ತಿದೆಯೆಂದು ಚೆನ್ನಾಗಿ ಗೊತ್ತಿತ್ತು. ಕಲ್ಕತ್ತಾದ ರಾಕ್ಸಿ ಥಿಯೇಟರಿನಲ್ಲಿ ಆ ಚಿತ್ರ ಮೂರು ವರ್ಷಕ್ಕೂ ಹೆಚ್ಚು ಕಾಲ ಓಡಿತು. ಮರುವರ್ಷ ನೌಷಾದರ ‘ರತನ್’ ಬಂತು. ಅದರಲ್ಲೂ ಅಮೀರ್‌ಬಾಯಿ ಹಾಡಿದರು. ಆ ಚಿತ್ರಕ್ಕೆ ಹಾಕಿದ ಬಂಡವಾಳಕ್ಕಿಂತ ಪ್ಲೇಟುಗಳಿಂದ ಬಂದ ಹಣವೇ ಹೆಚ್ಚು ಎಂಬ ಮಾತು ಚಿತ್ರರಂಗದಲ್ಲಿದೆ.

ಹಾಗಾದರೆ ಅಮೀರ್‌ಬಾಯಿಯ ಪ್ಲೇಟುಗಳು ಎಷ್ಟು ಮಾರಾಟವಾದವು? ನಾನು ಹುಡುಕಿದ್ದು ಇದನ್ನೇ. ಪರೀಕ್ಷೆಗೆ ಓದುವವರ ಚಟ ನೋಡಿ, ಎಲ್ಲದಕ್ಕೂ ಅಂಕಿ ಬೇಕು. ಬ್ರಿಟನ್ನಿನಲ್ಲಿ ಇಂಥ ಲೆಕ್ಕ ಸಿಗುತ್ತದೆ. 1952ರ ನವೆಂಬರಿನಲ್ಲಿ ಅಲ್ಲಿನ ಸಂಗೀತ ಪತ್ರಿಕೆಯೊಂದು ಅಂಗಡಿಗಳಿಗೆ ಫೋನ್ ಮಾಡಿ, ಹೆಚ್ಚು ಮಾರಾಟವಾದ ಪ್ಲೇಟುಗಳ ಪಟ್ಟಿ ಪ್ರಕಟಿಸತೊಡಗಿತು. ರಾಜಕುಮಾರಿ ಡಯಾನಾ ನೆನಪಿಗೆ ಎಲ್ಟನ್ ಜಾನ್ 1997ರಲ್ಲಿ ಹಾಡಿದ ಹಾಡು ಸುಮಾರು 49 ಲಕ್ಷ ಪ್ರತಿ ಮಾರಾಟವಾಗಿ ಆ ದೇಶದಲ್ಲಿ ಮೊದಲ ಸ್ಥಾನದಲ್ಲಿದೆ. ಅದೇ 1952ರ ಕೊನೆಯಲ್ಲಿ ನಮಗೂ ರೇಡಿಯೋ ಸಿಲೋನಿನಿಂದ ಅಮೀನ್ ಸಯಾನಿಯವರ ‘ಬಿನಾಕಾ ಗೀತಮಾಲಾ’ ಶುರುವಾಯಿತು. ಹಾಡುಗಳಿಗೆ ಕ್ರಮಾಂಕ ಬರತೊಡಗಿದ್ದು ಆಮೇಲೆಯೇ.

ಎಣಿಸುವವರು ಬರುವ ಹೊತ್ತಿಗೆ ಅಮೀರ್‌ಬಾಯಿಯ ಕಾಲ ಮುಗಿದಿತ್ತು. ಇನ್ನೂ ಒಂದು ವಿಷಯ. ಆ ಕಾಲದ ಎಷ್ಟೋ ಪ್ಲೇಟುಗಳ ಮೇಲೆ ಹಾಡಿದವರ ಹೆಸರೇ ಇರುತ್ತಿರಲಿಲ್ಲ, ಸಿನಿಮಾದ ಪಾತ್ರದ ಹೆಸರಿರುತ್ತಿತ್ತು. 1949ರ ‘ಮಹಲ್’ ಚಿತ್ರಕ್ಕೆ ಲತಾ ಮಂಗೇಶ್ಕರ್ ಹಾಡಿದ ಪ್ರಸಿದ್ಧ ಗೀತೆಯ ಪ್ಲೇಟಿನ ಮೇಲೂ ಅಚ್ಚಾದದ್ದು ಕಾಮಿನಿ ಎಂಬ ಪಾತ್ರದ ಹೆಸರು. ಮೂರು ನಿಮಿಷದ ಹಾಡು ಮನೆಮನೆ ಸೇರಿದರೂ ಹಾಡಿದವರು ಯಾರೆಂದು ಕೇಳಿದವರಿಗೆ ತಿಳಿಯುತ್ತಿರಲಿಲ್ಲ.

ಮನೆಯೊಳಗೂ ಅವರಿಗೆ ಸುಖವಿರಲಿಲ್ಲ. ಖಳನಟ ಹಿಮಾಲಯವಾಲಾ ಜೊತೆಗಿನ ದಾಂಪತ್ಯ ಹೊಡೆತ ಬಡಿತಗಳದಾಗಿತ್ತು. ಇಡೀ ದೇಶ ದನಿ ಕೇಳಿ ತಲೆದೂಗುತ್ತಿದ್ದ ಹೆಣ್ಣುಮಗಳ ಅಳು ನಾಲ್ಕು ಗೋಡೆ ದಾಟಲಿಲ್ಲ. ಕೊನೆಗೆ ಅದರಿಂದ ಹೊರಬಂದರು. ಆತ ಪಾಕಿಸ್ತಾನಕ್ಕೆ ಹೋದ. ಮುಂದೆ ಪತ್ರಿಕೆ ನಡೆಸುತ್ತಿದ್ದ ಬದ್ರಿ ಕಾಂಚವಾಲಾ ಅವರೊಡನೆ ನೆಮ್ಮದಿಯ ಸಂಸಾರ ಕಂಡರು. 1948ರ ‘ಶಹನಾಜ್’ ಚಿತ್ರಕ್ಕೆ ತಾವೇ ಸಂಗೀತ ನೀಡಿದರು. ಹೆಣ್ಣುಮಕ್ಕಳು ಸಂಗೀತ ನಿರ್ದೇಶಕರಾಗುವುದು ಇಂದಿಗೂ ಅಪರೂಪ.

ಅಷ್ಟರಲ್ಲಿ ಲತಾ ಅವರ ಹೊಸ ದನಿ ಬಂತು. ಹಾಡುಗಳು ಒಂದೊಂದಾಗಿ ಕೈತಪ್ಪಿದವು. ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರ ಬದುಕಿನ ಈ ಭಾಗ. ಒಂದು ಕಾಲಕ್ಕೆ ಮೊದಲ ಸಾಲಿನಲ್ಲಿದ್ದವರು ಮುನಿಸಿಕೊಂಡು ಮನೆ ಸೇರಲಿಲ್ಲ, ಪೋಷಕ ಪಾತ್ರಗಳನ್ನು ಒಪ್ಪಿಕೊಂಡು ನಟಿಸಿದರು. ದುಡಿದ ಹಣದಲ್ಲಿ ವಿಜಯಪುರದಲ್ಲಿ ಅಮೀರ್ ಟಾಕೀಸ್ ಕಟ್ಟಿಸಿದರು. ಪಾರ್ಶ್ವವಾಯು ಬಡಿದು 1965ರ ಮಾರ್ಚಿನಲ್ಲಿ ತೀರಿಕೊಂಡರು. ಮಣ್ಣು ಸೇರಿದ್ದು ತಮ್ಮ ಸೀಮೆಯ ವಿಜಯಪುರದಲ್ಲೇ.

ಅವರ ಬದುಕು ಓದಿದ ಮಾತ್ರಕ್ಕೆ ನನಗೆ ನೌಕರಿ ಸಿಗಲಿಲ್ಲ. ಪಟ್ಟಿ ಮುಖ್ಯವಲ್ಲ ಎಂದು ಹೇಳುವ ಧೈರ್ಯವೂ ನನಗಿಲ್ಲ, ಮನೆ ನಡೆಯಬೇಕು. ಮತ್ತೆ ಅರ್ಜಿ ಹಾಕಿದ್ದೇನೆ, ಮತ್ತೆ ಓದುತ್ತಿದ್ದೇನೆ. ಆದರೆ ಪಟ್ಟಿಯಲ್ಲಿ ಹೆಸರಿಲ್ಲದ ದಿನ ನಾನು ಏನೂ ಅಲ್ಲ ಎಂದುಕೊಳ್ಳುವುದನ್ನು ಬಿಟ್ಟಿದ್ದೇನೆ. ಯಾವ ಲೆಕ್ಕಕ್ಕೂ ಸಿಗದ ಒಂದು ಹಾಡು ಎಪ್ಪತ್ತು ವರ್ಷ ದಾಟಿ ಅಗಡಿಯ ಕಟ್ಟೆಯ ಮೇಲೆ ಅಜ್ಜನ ಬಾಯಲ್ಲಿ ಇನ್ನೂ ಉಳಿದಿದೆ. ಅದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಈಗ ಸಂಜೆ ಓದು ಮುಗಿದ ಮೇಲೆ ಮೊಬೈಲಿನಲ್ಲಿ ಆ ಹಾಡು ಹಾಕುತ್ತೇನೆ. ಅಜ್ಜ ಪಲ್ಲವಿ ಬರುವ ಮೊದಲೇ ಗುನುಗುತ್ತಾನೆ.